ಕ್ಲಚ್ ಕೇಬಲಿನ ನಟ್ಟು

ಪಟ್ಟಿಯಕ್ಕನಿಗೆ ಹೇಸಿಗೆ ಎನ್ನುವುದೇ ಗೊತ್ತಿಲ್ಲ ಎಂದು ಅವಳ ರೋಗಿಗಳ ಮನೆಯವರು ಮಾತಾಡಿಕೊಳ್ಳುತ್ತಿದ್ದರು. ಅವಳ ಕೆಲಸವೇ ಅಂಥದ್ದು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ತೊಳೆದು, ಕೀವು ತೆಗೆದು, ಹೊಸ ಪಟ್ಟಿ ಕಟ್ಟಿ ಬರಬೇಕು. ಹೆತ್ತ ಮಕ್ಕಳೇ ಮೂಗಿಗೆ ಬಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತುಬಿಡುವ ಕೋಣೆಗಳಿಗೆ ಅವಳು ಮಾತಾಡುತ್ತಲೇ ನುಗ್ಗಿ, ಮೊದಲು ಕಿಟಕಿ ತೆಗೆದು, ಆಮೇಲೆ ತೋಳೇರಿಸುತ್ತಿದ್ದಳು. ಮೈಯಿಂದ ಬರುವ ಯಾವ ನಾತಕ್ಕೂ ಒಂದು ಕಾರಣ ಇರುತ್ತದೆ, ಕಾರಣ ಗೊತ್ತಾದ ಮೇಲೆ ಅದು ನಾತವಲ್ಲ, ಕೆಲಸ ಎಂದು ಅವಳು ತಿಳಿದಿದ್ದಳು.

ಅಂಥವಳೂ ಮೂಗು ಮುಚ್ಚಿಕೊಳ್ಳುವಂತೆ ಮಾಡಿದ್ದು ಕಾರಿನ ಕ್ಲಚ್ ಸುಟ್ಟ ವಾಸನೆ. ಕೂದಲು, ರಬ್ಬರು, ಹಳೆಯ ಅಂಟು ಎಲ್ಲವನ್ನೂ ಒಟ್ಟಿಗೆ ಬೆಂಕಿಗೆ ಹಾಕಿದಂಥ ವಾಸನೆ ಅದು. ಗುಡ್ಡದ ಬೀದಿಯ ಏರಿನಲ್ಲಿ ಒಂದು ಬೆಳಿಗ್ಗೆ ಅದು ಮೊದಲು ಮೂಗಿಗೆ ಬಡಿಯಿತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಮಾತ್ರ ಹುಚ್ಚು ಹಿಡಿದಂತೆ ಕೂಗುತ್ತದೆ, ಕಾರು ತನಗೂ ಅದಕ್ಕೂ ಸಂಬಂಧವಿಲ್ಲ ಎಂಬಂತೆ ತೆವಳುತ್ತದೆ. ಹಿಂದಿದ್ದ ಲಾರಿಯವನು ಹಾರ್ನ್ ಒತ್ತಿ ಒತ್ತಿ ಕೊನೆಗೆ ಕಿಟಕಿಯಿಂದ ತಲೆ ಹೊರಹಾಕಿ ಅವಳ ಮುಖವನ್ನೇ ನೋಡುತ್ತಾ ಮುಂದೆ ಹೋದ.

ಮನೆಗೆ ಬಂದು ಗಂಡನಿಗೆ ಹೇಳಿದಳು. ಗಂಡ ಮೂವತ್ತು ವರ್ಷ ಬಸ್ಸು ಓಡಿಸಿದವನು. ಬೀದಿಯವರೆಲ್ಲ ಅವನನ್ನು ಡ್ರೈವರ್ ಸಾಹೇಬರು ಎಂದೇ ಕರೆಯುತ್ತಿದ್ದರು. ಕಣ್ಣಿನ ಹಿಂಭಾಗ ಹಾಳಾಗಿ, ನೇರ ನೋಡಿದ್ದೆಲ್ಲ ಮಸುಕು ಚುಕ್ಕೆಯಾಗಿ ಕಾಣತೊಡಗಿದ ಮೇಲೆ ಸಾರಿಗೆ ಇಲಾಖೆಯವರು ಅವನ ಲೈಸೆನ್ಸ್ ವಾಪಸು ತೆಗೆದುಕೊಂಡಿದ್ದರು. ಆಮೇಲೆ ಪಟ್ಟಿಯಕ್ಕ ಕಾರು ಕಲಿತಳು. ಕಲಿಸಿದವನೂ ಅವನೇ. ಪಕ್ಕದ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿಕೊಂಡು, ಎಂಜಿನ್ ಸದ್ದಿನಿಂದಲೇ ಯಾವ ಗೇರಿಗೆ ಯಾವಾಗ ಹೋಗಬೇಕೆಂದು ಹೇಳಿಕೊಟ್ಟಿದ್ದ. ಆ ದಿನಗಳಲ್ಲಿ ಅವನ ಮೇಲೆ ಅವಳಿಗಿದ್ದ ಮೆಚ್ಚುಗೆ ಸುಳ್ಳಲ್ಲ.

ಅವಳು ಹೇಳಿದ್ದನ್ನೆಲ್ಲ ಕೇಳಿ ಗಂಡ ಕುರ್ಚಿಯಲ್ಲಿ ಒರಗಿದ.

"ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀಯ. ಎಷ್ಟು ಸಲ ಹೇಳ್ದೆ. ನಿನ್ನ ಕಾಲು ಭಾರ."

ಆ ಮಾತು ಅಲ್ಲಿಗೇ ನಿಲ್ಲಲಿಲ್ಲ. ಎದುರು ಮನೆಯವರಿಗೆ ಹೇಳಿದ, ಕಿರಾಣಿ ಅಂಗಡಿಯವನಿಗೆ ಹೇಳಿದ, ಊಟಕ್ಕೆ ಬಂದ ತನ್ನ ಅಕ್ಕನ ಮುಂದೆ ಕಾಲಿನ ಭಾರವನ್ನು ತಕ್ಕಡಿಯಲ್ಲಿ ತೂಗಿದ ಹಾಗೆ ನಟಿಸಿ ತೋರಿಸಿದ. ಎಲ್ಲರೂ ನಕ್ಕರು. ಪಟ್ಟಿಯಕ್ಕನೂ ನಕ್ಕಳು. ತಾನು ತಡವಾಗಿ ಕಲಿತವಳು, ಅವನು ಅದರಲ್ಲೇ ತಲೆ ನರೆಸಿಕೊಂಡವನು, ಅವನು ಹೇಳಿದ್ದು ಸುಳ್ಳಿದ್ದೀತೇ? ಅಂದಿನಿಂದ ಅವಳು ಎಡಗಾಲನ್ನು ಪೆಡಲಿನಿಂದ ದೂರ, ಗೇರಿನ ಕಡೆಗೆ ಒತ್ತಿಕೊಂಡೇ ಓಡಿಸತೊಡಗಿದಳು. ಸಂಜೆ ಇಳಿಯುವಾಗ ಮಂಡಿ ಕಟ್ಟಿಗೆಯಂತಾಗಿರುತ್ತಿತ್ತು. ಆದರೂ ವಾಸನೆ ಹೋಗಲಿಲ್ಲ. ಏರು ಕಂಡರೆ ಅಂಗೈ ಬೆವರುವಂತಾಯಿತು.

ಗುಡ್ಡದ ಬೀದಿಯ ತುತ್ತತುದಿಯಲ್ಲಿ ಗಡಿಯಾರದಜ್ಜನ ಮನೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಜೀವಮಾನವಿಡೀ ಗಡಿಯಾರ ರಿಪೇರಿ ಮಾಡಿದ್ದ ಮುದುಕ ಈಗ ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ಮಲಗಿದ್ದ. ಬೆನ್ನ ಕೆಳಗೊಂದು ಹಾಸಿಗೆ ಹುಣ್ಣು. ಮಗಳು ಬಟ್ಟೆ ಕಾರ್ಖಾನೆಯಲ್ಲಿ ಪಾಳಿ ಕೆಲಸದವಳು. ಅವಳು ಹೊರಟ ಮೇಲೆ ಮುದುಕನನ್ನು ಮಗ್ಗುಲು ತಿರುಗಿಸಿ, ಹುಣ್ಣು ತೊಳೆದು, ಒದ್ದೆ ಬಟ್ಟೆ ಬದಲಿಸಲು ಪಟ್ಟಿಯಕ್ಕನನ್ನು ಬಿಟ್ಟರೆ ಯಾರೂ ಇರಲಿಲ್ಲ.

ಬಿಸಿಲಿನ ಒಂದು ದಿನ ಕಾರು ಏರಿನ ನಡುವೆ ನಿಂತೇಬಿಟ್ಟಿತು. ಬಾನೆಟ್ಟಿನ ಸಂದಿಯಿಂದ ಹೊಗೆ ಬಂತು. ಹಿಂದಕ್ಕೆ ಜಾರತೊಡಗಿದ ಕಾರನ್ನು ಹ್ಯಾಂಡ್‌ಬ್ರೇಕ್ ಎಳೆದು ಗೋಡೆಗೆ ಚಕ್ರ ತಿರುಗಿಸಿ ಹೇಗೋ ನಿಲ್ಲಿಸಿದಳು. ಅಷ್ಟರಲ್ಲಿ ಪೊಲೀಸರು ಬಂದರು, ದಾರಿ ಕಟ್ಟಿತೆಂದು ಗದರಿದರು, ಎಳೆಯುವ ವಾಹನ ಬರುವವರೆಗೆ ಕದಲಬಾರದೆಂದರು. ಅವಳು ಗಡಿಯಾರದಜ್ಜನ ಮಗಳಿಗೆ ಫೋನ್ ಮಾಡುತ್ತಲೇ ಇದ್ದಳು. ಕಾರ್ಖಾನೆಯೊಳಗೆ ಫೋನ್ ಬಿಡುವುದಿಲ್ಲ. ಎಲ್ಲ ಮುಗಿಸಿ ಚೀಲ ಹೊತ್ತು ಏದುಸಿರು ಬಿಡುತ್ತಾ ನಡೆದು ಮೇಲೆ ಹೋದಾಗ ಬಿಸಿಲು ಇಳಿದಿತ್ತು.

ಮುದುಕ ಬೆಳಿಗ್ಗೆ ಮಗಳು ಮಲಗಿಸಿದ ಮಗ್ಗುಲಲ್ಲೇ ಇದ್ದ. ಹಾಸಿಗೆ ಒದ್ದೆಯಾಗಿ, ಅದೇ ಒದ್ದೆ ಹುಣ್ಣಿಗೂ ಹತ್ತಿತ್ತು. ಹಳೆಯ ಪಟ್ಟಿ ಬಿಡಿಸಿದಾಗ ಅಂಚಿನಲ್ಲಿ ಅಕ್ಕಿಕಾಳಿನಂಥದ್ದೇನೋ ಮಿಸುಕಿತು. ಚಿಲಕ ಕೆಟ್ಟು ಮುಚ್ಚಲಾಗದ ಕಿಟಕಿಯಿಂದ ನೊಣ ಬಂದು ಕೂತು ಯಾವಾಗಲೋ ಮೊಟ್ಟೆ ಇಟ್ಟಿತ್ತು. ಪಟ್ಟಿಯಕ್ಕ ಚಿಮ್ಮಟ ತೆಗೆದುಕೊಂಡು ಒಂದೊಂದನ್ನೇ ಹೆಕ್ಕಿ ಬಟ್ಟಲಿಗೆ ಹಾಕಿದಳು. ಮುದುಕ ಗೋಡೆಯ ಕಡೆ ಮುಖ ಮಾಡಿಕೊಂಡೇ, ತಡ ಆಯ್ತಲ್ಲವ್ವಾ, ಎಂದ. ಬೈಗುಳವಲ್ಲ, ಸುಮ್ಮನೆ ಹೇಳಿದ್ದು. ಕಾರು ಕೆಟ್ಟಿತ್ತು, ನನ್ನದೇ ತಪ್ಪು, ಸರಿಯಾಗಿ ಓಡಿಸೋಕೆ ಬರಲ್ಲ ನಂಗೆ, ಎಂದು ಅವಳು ಅವನಲ್ಲಿ ಕ್ಷಮೆ ಕೇಳಿದಳು.

ಎಳೆಯುವ ವಾಹನದವನು ಕಾರನ್ನು ತಂದು ಬಿಟ್ಟದ್ದು ಗೊಣಗಣ್ಣನ ಗ್ಯಾರೇಜಿಗೆ. ಗೊಣಗಣ್ಣ ಮುಂಚೆ ಅವಳ ಕಾರು ಮುಟ್ಟಿದವನಲ್ಲ. ಯಾವ ಗಾಡಿ ಬಂದರೂ ಅದನ್ನು ಮಾಡಿದವರನ್ನು, ಮಾರಿದವರನ್ನು, ಓಡಿಸಿದವರನ್ನು ಸರದಿಯಂತೆ ಬೈಯುವುದರಿಂದ ಅವನಿಗೆ ಆ ಹೆಸರು. ಮರುದಿನ ಅವಳು ಹೋದಾಗ ಅವಳನ್ನೂ ಬೈಯುತ್ತಾನೆಂದೇ ತಲೆ ತಗ್ಗಿಸಿಕೊಂಡು ನಿಂತಳು. ಅವನು ಬೈಯಲಿಲ್ಲ, ಪ್ರಶ್ನೆ ಕೇಳಿದ. ಗೇರು ಹಾಕುವಾಗ ಕರಕರ ಅನ್ನುತ್ತಾ? ಇಲ್ಲ. ಪೆಡಲು ನೆಲಕ್ಕೆ ಕೂತು ಮೇಲೆ ಬರದೆ ಇರುತ್ತಾ? ಇಲ್ಲ. ಹೊರಡುವಾಗ ಗಾಡಿ ಗಡಗಡ ನಡುಗುತ್ತಾ? ಇಲ್ಲ. ಕಾಲು ತೆಗೆದಾಗಲೂ ಒಳಗಿಂದ ಸಿಳ್ಳೆ ಹಾಕಿದ ಹಾಗೆ ಸದ್ದು? ಅದು ಹೌದು. ಎಂಜಿನ್ ಕೂಗಿ ಗಾಡಿ ಓಡದೆ ಇರೋದು? ಅದಂತೂ ದಿನಾ. ತಾನು ಹೊಸ ರೋಗಿಯ ಮಂಚದ ಪಕ್ಕ ಕೂತು ಕೇಳುವ ಹಾಗೇ ಇವನೂ ಕೇಳುತ್ತಿದ್ದಾನೆ ಎನಿಸಿ ಅವಳಿಗೆ ತುಸು ಧೈರ್ಯ ಬಂತು.

ಅವನು ಕಾರಿನೊಳಗೆ ಕೂತು ಎಂಜಿನ್ ಹಚ್ಚಿದ. ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು, ಮೂರನೇ ಗೇರು ಹಾಕಿ, ಕ್ಲಚ್ಚನ್ನು ಪೂರ್ತಿ ಬಿಟ್ಟ. ಹಾಗೆ ಬಿಟ್ಟರೆ ಎಂಜಿನ್ ಉಸಿರುಗಟ್ಟಿ ಸಾಯಬೇಕು, ಕ್ಲಚ್ ಹಿಡಿಯುತ್ತಿದೆ ಅಂದರೆ ಅದೇ ಗುರುತು ಎಂದು ಹೇಳಿದ. ಎಂಜಿನ್ ಸಾಯಲಿಲ್ಲ, ತನ್ನ ಪಾಡಿಗೆ ಗುರುಗುಡುತ್ತಾ ಕೂತಿತ್ತು. ಆಮೇಲೆ ಅವನು ಕೆಳಗೆ ಬಗ್ಗಿ ಪೆಡಲನ್ನು ಕೈಯಿಂದ ಒತ್ತಿ ನೋಡಿದ. ಅವಳನ್ನೂ ಬಗ್ಗಿಸಿ ಒತ್ತಿಸಿದ. ಮೊದಲ ಒಂದೆರಡು ಬೆರಳಷ್ಟು ಪೆಡಲು ಸಡಿಲವಾಗಿ ಆಡಬೇಕು, ಆಮೇಲೆ ಬಿಗಿ ಸಿಗಬೇಕು. ಇದರಲ್ಲಿ ಆಟವೇ ಇರಲಿಲ್ಲ, ಮುಟ್ಟಿದ ಕೂಡಲೆ ಕಲ್ಲು.

"ಅಂದ್ರೆ ನೀವು ಕಾಲು ತೆಗೆದ್ರೂ ಕೇಬಲ್ಲು ಕ್ಲಚ್ಚನ್ನ ಅರ್ಧ ಎಳೆದೇ ಇಟ್ಟಿರುತ್ತೆ. ನಿಮ್ಮ ಕಾಲಿಗೂ ಇದಕ್ಕೂ ಸಂಬಂಧ ಇಲ್ಲ," ಎಂದ ಗೊಣಗಣ್ಣ.

ಅವಳು ಎರಡನೇ ಸಲ ಹೇಳಿಸಿಕೊಂಡಳು.

ಬಾನೆಟ್ ಎತ್ತಿ ಟಾರ್ಚು ಬಿಟ್ಟು ತೋರಿಸಿದ. ಕೇಬಲಿನ ತುದಿಯಲ್ಲಿ ತಿರುಪಿನ ಗೆರೆಗಳಿರುವ ಸರಳು, ಅದರ ಮೇಲೊಂದು ನಟ್ಟು, ಅದು ಅಲುಗದಂತೆ ಬೆನ್ನಿಗೆ ಇನ್ನೊಂದು. ಸರಳಿನ ಉಳಿದ ಭಾಗದಲ್ಲಿ ವರ್ಷಗಟ್ಟಲೆಯ ಕಪ್ಪು ಜಿಡ್ಡು ಮೆತ್ತಿತ್ತು. ನಟ್ಟಿನ ಹಿಂದೆ ಮಾತ್ರ ಒಂದು ತುಂಡು ಹೊಳೆಯುತ್ತಿತ್ತು. ನಟ್ಟು ಮೊದಲು ಇದ್ದ ಜಾಗ ಅದು. ಅಲ್ಲಿಂದ ಯಾರೋ ಅದನ್ನು ಮುಂದಕ್ಕೆ ತಿರುಗಿಸಿದ್ದರು. ಕ್ಲಚ್ಚಿನ ಪ್ಲೇಟು ಸವೆದಂತೆಲ್ಲ ಆಟ ತಾನಾಗಿ ಕಡಿಮೆಯಾಗುತ್ತದೆ, ಅದು ಸಹಜ, ಆದರೆ ನಟ್ಟಿಗೆ ಕೈಯಿಲ್ಲ ಕಾಲಿಲ್ಲ, ಅದು ತನ್ನಷ್ಟಕ್ಕೆ ಬಿಗಿಯಾಗುವುದಿಲ್ಲ ಎಂದು ಗೊಣಗಿದ. ಯಾರು ಮುಟ್ಟಿದ್ದು ಎಂದು ಕೇಳಿದ. ಹಿಂದಿನ ಮೆಕ್ಯಾನಿಕ್ ಇರಬೇಕು ಎಂದಳು ಅವಳು. ಅವಳಿಗೆ ಬೇರೆ ಏನೂ ಹೊಳೆಯಲೂ ಇಲ್ಲ.

ಗೇರ್‌ಬಾಕ್ಸ್ ಇಳಿಸಿ ಪ್ಲೇಟು ಹೊರಗೆ ತೆಗೆದಾಗ ಅದು ತಳ ಹಿಡಿದ ಪಾತ್ರೆಯಂತೆ ನೀಲಿಗಪ್ಪಾಗಿತ್ತು. ಗೊಣಗಣ್ಣ ಹೊಸದು ಹಾಕಿ, ನಟ್ಟನ್ನು ಇರಬೇಕಾದಲ್ಲಿಗೆ ತಂದು, ಅವಳ ಕೈಯಿಂದಲೇ ಪೆಡಲು ಒತ್ತಿಸಿ ಆಟ ತೋರಿಸಿ ಕಳಿಸಿದ. ಅಂದು ಏರು ಹತ್ತುವಾಗ ಅವಳಿಗೆ ಯಾರೋ ಬೆನ್ನ ಮೇಲಿಂದ ಇಳಿದು ಹೋದ ಹಾಗಾಯಿತು.

ಮನೆಯಲ್ಲಿ ಉತ್ಸಾಹದಿಂದ ಎಲ್ಲ ಹೇಳಿದಳು. ನನ್ನ ಕಾಲಲ್ಲವಂತೆ ರೀ, ನಟ್ಟಂತೆ. ಗಂಡ ಚಮಚದಿಂದ ಲೋಟದ ತಳ ಕಲಕುತ್ತಾ ಕೂತಿದ್ದ. ಗ್ಯಾರೇಜಿನವರು ಹೆಂಗಸರನ್ನು ಕಂಡರೆ ಹೀಗೇ ಬಣ್ಣ ಕಟ್ಟಿ ಹೇಳುತ್ತಾರೆ, ನೋಡುತ್ತಿರು, ಇನ್ನೆರಡು ತಿಂಗಳಲ್ಲಿ ಮತ್ತೆ ಸುಡುತ್ತೀಯ ಎಂದ. ಅಷ್ಟು ಖಚಿತವಾಗಿ ಹೇಗೆ ಹೇಳಿದ ಎಂದು ಅವಳು ಯೋಚಿಸಲಿಲ್ಲ. ಅವಳಿಗೆ ಬೇಸರವಾಯಿತು, ಅಷ್ಟೇ.

ಆದರೆ ಅಂದಿನಿಂದ ಅವಳಿಗೆ ಒಂದು ಅಭ್ಯಾಸ ಬಿತ್ತು. ಬೆಳಿಗ್ಗೆ ಕಾರು ಹತ್ತುವ ಮೊದಲು ಬಗ್ಗಿ ಪೆಡಲನ್ನು ಕೈಯಿಂದ ಒತ್ತಿ ನೋಡುವುದು, ರೋಗಿಯ ನಾಡಿ ಹಿಡಿದ ಹಾಗೆ. ವಾರಗಟ್ಟಲೆ ಆಟ ಹಾಗೇ ಇತ್ತು. ಒಂದು ಬೆಳಿಗ್ಗೆ ಬೆರಳಿಗೆ ಆಟ ಸಿಗಲಿಲ್ಲ. ಕೈ ತೆಗೆದು ಮತ್ತೆ ಒತ್ತಿದಳು. ಕಲ್ಲು. ಹಿಂದಿನ ಸಂಜೆಯಷ್ಟೇ ಸರಿಯಿತ್ತು. ರಾತ್ರಿ ಕಾರು ಮನೆಯ ಪಕ್ಕದ ತಗಡಿನ ಛಾವಣಿಯ ಕೆಳಗೆ ನಿಂತಿತ್ತು, ಕೀಲಿ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು.

ಅವಳು ಏನೂ ಹೇಳದೆ ಕಾರನ್ನು ಮೆಲ್ಲಗೆ, ಸಪಾಟು ದಾರಿಯಲ್ಲಿ ಗೊಣಗಣ್ಣನ ಹತ್ತಿರ ಒಯ್ದಳು. ಅವನು ಬಾನೆಟ್ ಎತ್ತಿ ನೋಡಿ, ಅವಳ ಮುಖ ನೋಡಿ, ಈ ಸಲ ಯಾರೆಂದು ಕೇಳಲಿಲ್ಲ. ನಟ್ಟು ಸಡಿಲಿಸಿ ಸರಿ ಮಾಡಿಕೊಟ್ಟ. ಅವನು ಗೊಣಗದೆ ಇದ್ದದ್ದೇ ಅವಳಿಗೆ ಹೆಚ್ಚು ಚುಚ್ಚಿತು.

ಅನುಮಾನ ಬಂದ ಮೇಲೂ ಅವಳು ಅದಕ್ಕೆ ಬಾಗಿಲು ತೆಗೆಯಲಿಲ್ಲ. ಕಣ್ಣು ಕಾಣದ ಮನುಷ್ಯ. ಅನ್ನದಲ್ಲಿನ ಕಲ್ಲು ಕಾಣದು, ಅಂಗಿಯ ಗುಂಡಿ ಒಂದರ ಬದಲು ಒಂದಕ್ಕೆ ಹಾಕಿಕೊಳ್ಳುತ್ತಾನೆ, ಅವನ ಉಗುರು ತೆಗೆದುಕೊಡುವುದೂ ತಾನೇ. ಅವನಿಗೆ ಆ ಕತ್ತಲ ಸಂದಿಯಲ್ಲಿ ನಟ್ಟು ಸಿಗುವುದುಂಟೇ?

ಕೆಲವು ದಿನ ಕಳೆದ ಮೇಲೆ ಒಬ್ಬ ರೋಗಿಯನ್ನು ಆಸ್ಪತ್ರೆಗೆ ಸೇರಿಸಿದರೆಂದು ಮಧ್ಯಾಹ್ನವೇ ಮನೆಗೆ ಬಂದಳು. ಊಟ ಮಾಡಿ ಸ್ವಲ್ಪ ಮಲಗಿದಳು. ಎದ್ದಾಗ ಗಂಡ ಹಾಸಿಗೆಯಲ್ಲಿರಲಿಲ್ಲ. ನೀರು ಕುಡಿಯಲು ಅಡುಗೆಮನೆಗೆ ಹೋದವಳು ಮೊಳೆಯನ್ನು ನೋಡಿದಳು. ಕೀಲಿ ಇರಲಿಲ್ಲ. ಕಿಟಕಿಯಿಂದ ತಗಡಿನ ಛಾವಣಿ ಕಾಣುತ್ತಿತ್ತು.

ಬನಿಯನ್ನಿನಲ್ಲಿದ್ದ ಅವನು ಎತ್ತಿದ ಬಾನೆಟ್ಟಿನ ಕೆಳಗೆ ಅರ್ಧ ಮೈ ತೂರಿಸಿದ್ದ. ಕಣ್ಣು ಮುಚ್ಚಿತ್ತು. ಮುಖ ಮೇಲಕ್ಕೆತ್ತಿ, ತುಟಿ ಸ್ವಲ್ಪ ತೆರೆದು, ಸಂಗೀತ ಕೇಳುವವನ ಹಾಗೆ ಕೈಯನ್ನು ಕೆಳಗೆ ಇಳಿಬಿಟ್ಟಿದ್ದ. ಎರಡು ಸ್ಪ್ಯಾನರು. ಒಂದರಿಂದ ಹಿಡಿದು ಇನ್ನೊಂದರಿಂದ ತಿರುಗಿಸುವುದು ಅವನಿಗೆ ನೀರು ಕುಡಿದಷ್ಟು ಸಲೀಸಾಗಿತ್ತು. ಆಮೇಲೆ ಬಾಗಿಲು ತೆರೆದು ಪೆಡಲನ್ನು ಒತ್ತಿ ನೋಡಿದ, ಸಾಲದೆನಿಸಿತೇನೋ, ಮತ್ತೆ ಹೋಗಿ ಇನ್ನೊಂದು ಸುತ್ತು ತಿರುಗಿಸಿದ. ಕೆಲಸ ಮುಗಿಸಿ, ಹಗ್ಗದ ಮೇಲೆ ಒಣಗಲು ಹಾಕಿದ್ದ ಬಿಳಿ ಬಟ್ಟೆಯೊಂದನ್ನು ಎಳೆದು ಬೆರಳಿನ ಸಂದಿಸಂದಿಯ ಜಿಡ್ಡನ್ನು ಒರೆಸಿಕೊಂಡ. ಹುಣ್ಣಿನ ಕೆಳಗೆ ಹಾಸಲೆಂದು ಪಟ್ಟಿಯಕ್ಕ ಬೆಳಿಗ್ಗೆಯಷ್ಟೇ ಕುದಿಸಿ ಒಣಹಾಕಿದ್ದ ಬಟ್ಟೆ ಅದು.

ಅವಳ ಬಾಯಲ್ಲಿ ಉಪ್ಪುನೀರು ತುಂಬಿತು. ಸಿಂಕಿಗೆ ಬಗ್ಗಿದಳು. ಮಧ್ಯಾಹ್ನ ತಿಂದದ್ದೆಲ್ಲ ಹೊರಗೆ ಬಂತು. ಹುಳ ಹೆಕ್ಕಿದಾಗ ಬಾರದ ವಾಂತಿ.

ಅವನು ಒಳಗೆ ಬಂದು ಕೀಲಿಯನ್ನು ಮೊಳೆಗೆ ಹಾಕಲು ಗೋಡೆ ತಡವುತ್ತಿದ್ದಾಗ ಅವಳು ಅಲ್ಲೇ ನಿಂತಿದ್ದಳು. ನಾನು ನೋಡಿದೆ, ಎಂದಳು. ಅವನು, ಗಾಡಿ ಚೆಕ್ ಮಾಡ್ತಿದ್ದೆ, ನಿನಗೋಸ್ಕರವೇ, ಎಂದ. ಅವಳು ಅವನ ಕೈಯಿಂದ ಕೀಲಿ ತೆಗೆದುಕೊಂಡಳು. ಅವನು ಕುರ್ಚಿ ಹುಡುಕಿ ಕೂತ. ಆಮೇಲೆ ಮಾತು ತಾನಾಗಿ ಉದುರತೊಡಗಿತು. ತಾನು ಓಡಿಸಬೇಕಾದ ಗಾಡಿ. ಬೀದಿಯಲ್ಲಿ ಜನ, ಸಾಹೇಬರು ಈಗ ಹೆಂಡತಿ ಪಕ್ಕ ಕೂರುತ್ತಾರೆ ಎಂದು ನಗುತ್ತಾರೆ. ಬೆಳಿಗ್ಗೆ ಹೋದವಳು ಸಂಜೆ ಬರುತ್ತಾಳೆ, ಕಂಡವರ ಹೇಲು ಉಚ್ಚೆ ಬಳಿದು ಬರುತ್ತಾಳೆ, ತಾನೊಬ್ಬನೇ ಗೋಡೆ ನೋಡುತ್ತಾ ಕೂತಿರಬೇಕು, ಆ ಗೋಡೆಯೂ ಸರಿಯಾಗಿ ಕಾಣುವುದಿಲ್ಲ.

"ಬೇಸತ್ತು ನೀನೇ ಬಿಟ್ಟುಬಿಡ್ತೀಯ ಅಂದ್ಕೊಂಡೆ. ಬ್ರೇಕಿಗೇನಾದ್ರೂ ಕೈ ಹಾಕಿದ್ನಾ? ಇಲ್ಲವಲ್ಲ. ಏರಲ್ಲಿ ನಿಂತ್ಕೊಳ್ಳಲಿ ಅಂತ ಮಾಡಿದ್ದು, ಅಷ್ಟೇ."

ಅಷ್ಟೇ ಎನ್ನುವಾಗ ಅವನು ತುಸು ನಕ್ಕ. ಬ್ರೇಕಿಗೆ ಕೈ ಹಾಕದ್ದಕ್ಕೆ ಅವಳು ಕೃತಜ್ಞಳಾಗಿರಬೇಕು ಎಂಬಂತಿತ್ತು ಆ ನಗು.

ಅವಳಿಗೆ ಗಡಿಯಾರದಜ್ಜನ ಬೆನ್ನು ಕಣ್ಣಿಗೆ ಕಟ್ಟಿತು. ಇವನನ್ನು ಕುತ್ತಿಗೆ ಹಿಡಿದು ಕರೆದೊಯ್ದು ಆ ಹುಣ್ಣಿನ ಮುಂದೆ ಬಗ್ಗಿಸಿ, ನೋಡು, ಏರಲ್ಲಿ ನಿಂತದ್ದರ ಫಲ ನೋಡು ಎನ್ನಬೇಕೆನಿಸಿತು. ಮರುಗಳಿಗೆಯೇ ಬೇಡವೆನಿಸಿತು. ಆ ಮುದುಕನ ಮೈ ಇವನಿಗೆ ಪಾಠ ಹೇಳಲು ಇಟ್ಟ ಸಾಮಾನಲ್ಲ. ಅಲ್ಲದೆ ಹುಣ್ಣು ಕಂಡರೆ ಇವನು ಮೂಗು ಮುಚ್ಚಿಕೊಳ್ಳುತ್ತಾನೆ, ಅದಕ್ಕಿಂತ ಹೆಚ್ಚಿನದೇನೂ ಆಗದು ಎಂದು ಅವಳಿಗೆ ಗೊತ್ತಿತ್ತು.

"ಎದ್ದೇಳಿ," ಎಂದಳು. "ಬಿಗಿ ಮಾಡಿದ್ದನ್ನ ನೀವೇ ಸಡಿಲ ಮಾಡಿ. ನಾನು ಕೈಯಿಟ್ಟು ನೋಡ್ತೀನಿ."

ಅವನು ಮತ್ತೆ ಬಾನೆಟ್ಟಿನ ಕೆಳಗೆ ಬಗ್ಗಿದ. ಅವಳು ಪೆಡಲು ಒತ್ತುತ್ತಾ ಸಾಲದು, ಇನ್ನೂ ಸಾಲದು, ಸಾಕು ಎಂದಳು. ಕೆಲಸ ಅಚ್ಚುಕಟ್ಟಾಗಿತ್ತು. ಅದನ್ನು ಒಪ್ಪಿಕೊಳ್ಳಬೇಕಾಗಿ ಬಂದದ್ದೂ ಅವಳಿಗೆ ಅಸಹ್ಯವಾಯಿತು. ಇಷ್ಟು ಚೆನ್ನಾದ ಕೈ. ಸೊಪ್ಪು ಬಿಡಿಸಿ ಎಂದರೆ ಆಗದ ಕೈ, ಗಡಿಯಾರದಜ್ಜನ ಮನೆಯ ಕಿಟಕಿಯ ಚಿಲಕ ಸರಿಮಾಡಿಕೊಡಿ ಎಂದು ಕೇಳಿದಾಗ ಕಣ್ಣು ಕಾಣದು ಎಂದಿದ್ದ ಕೈ.

ಆಮೇಲಿನ ದಿನಗಳು ಹೇಳಲಾಗದಂತಿದ್ದವು. ಅವನು ಜಗಳವನ್ನು ನಿರೀಕ್ಷಿಸಿದ್ದ, ಅವಳು ಜಗಳವಾಡಲಿಲ್ಲ. ಅವನು ಮುಟ್ಟಿದ ಲೋಟ, ಒರಗಿದ ದಿಂಬು, ತಲೆ ಒರೆಸಿಕೊಂಡ ಟವಲು ಯಾವುದನ್ನು ಕಂಡರೂ ಅವಳು ಮುಖ ತಿರುಗಿಸುತ್ತಿದ್ದಳು. ಅವನು ಮುಖ ಸಣ್ಣದು ಮಾಡಿಕೊಂಡು ಕಾಫಿ ಮಾಡಿ ತಂದಿಟ್ಟರೆ, ಅದು ಕೆನೆಗಟ್ಟುವವರೆಗೆ ನೋಡಿ ಸಿಂಕಿಗೆ ಸುರಿಯುತ್ತಿದ್ದಳು. ತನ್ನ ಮೇಲೂ ಅವಳಿಗೆ ಹೇಸಿಗೆಯಿತ್ತು. ತಕ್ಕಡಿ ನಟನೆಗೆ ಎಲ್ಲರ ಜೊತೆ ನಕ್ಕದ್ದು ನೆನಪಾದಾಗ ಬಾಯಿ ಮುಕ್ಕಳಿಸಬೇಕೆನಿಸುತ್ತಿತ್ತು.

ಅವಳು ಮನೆ ಬಿಡುತ್ತಾಳೆಂದು ತಿಳಿದು ಗಂಡನ ಅಕ್ಕ ರಾಜಿ ಮಾಡಿಸಲು ಬಂದಳು. ತಮ್ಮನದು ತಪ್ಪೇ, ಆದರೆ ಪಾಪ, ಕಣ್ಣು ಹೋದ ಗಂಡಸು, ಒಳಗೊಳಗೇ ಕೊರಗಿದ್ದಾನೆ ಎಂದೆಲ್ಲ ಹೇಳಿ ಕೊನೆಗೆ ಕೇಳಿದಳು. "ಕುಡೀತಾನಾ? ಹೊಡೀತಾನಾ? ಒಂದು ನಟ್ಟಿಗೋಸ್ಕರ ಸಂಸಾರ ಬಿಡ್ತಾರೇನೆ ಯಾರಾದ್ರೂ?"

"ಹೊಡೆದಿದ್ರೆ ನಿಮಗೆ ತೋರಿಸೋಕೆ ಒಂದು ಗಾಯ ಇರ್ತಿತ್ತು ಅತ್ತಿಗೆ," ಎಂದಳು ಪಟ್ಟಿಯಕ್ಕ. "ಇದಕ್ಕೆ ಪಟ್ಟಿ ಎಲ್ಲಿ ಕಟ್ಟೋದು ಅಂತ ನಂಗೇ ಗೊತ್ತಾಗ್ತಿಲ್ಲ. ಅವರನ್ನ ಕಂಡ್ರೆ ನಂಗೆ ಸಿಟ್ಟಿಲ್ಲ. ಪಕ್ಕದಲ್ಲಿ ಕೂತ್ಕೊಳ್ಳೋಕೆ ಆಗಲ್ಲ, ಅಷ್ಟೇ."

ಅವಳು ಮನೆ ಬಿಟ್ಟಳು. ಗುಡ್ಡದ ಬೀದಿಯಲ್ಲೇ ಒಂದು ಕೋಣೆ ಹಿಡಿದು, ಕಾರನ್ನೂ ಔಷಧಿಯ ಚೀಲವನ್ನೂ ಪಾತ್ರೆಗಳನ್ನೂ ಅಲ್ಲಿಗೆ ಸಾಗಿಸಿದಳು. ಗಡಿಯಾರದಜ್ಜನ ಹುಣ್ಣು ನಿಧಾನವಾಗಿ ಕೆಂಪಗೆ, ಶುಭ್ರವಾಗಿ, ಅಂಚಿನಿಂದ ಕೂಡಿಕೊಳ್ಳತೊಡಗಿತು. ನನ್ನ ತಪ್ಪು ಅಂದಿದ್ದೆನಲ್ಲ, ಅದು ನನ್ನ ತಪ್ಪಲ್ಲವಂತೆ ಅಜ್ಜ, ಎಂದು ಒಂದು ದಿನ ಹೇಳಿದಳು. ಹೆಚ್ಚು ಬಿಡಿಸಿ ಹೇಳಲಿಲ್ಲ. ಮುದುಕ, ನಾನು ಯಾವತ್ತು ಅಂದೆ ನಿನ್ನ ತಪ್ಪು ಅಂತ, ಎಂದು ಗೋಡೆಗೆ ಹೇಳಿದ.

ಒಂದು ಸಂಜೆ ಅವಳು ಕೆಲಸ ಮುಗಿಸಿ ಬಂದಾಗ ಗಂಡ ಕೋಣೆಯ ಮುಂದೆ ನಿಂತಿದ್ದ. ಯಾರನ್ನೋ ಕೇಳಿಕೊಂಡು, ಗೋಡೆ ಹಿಡಿದುಕೊಂಡು ಏರು ಹತ್ತಿ ಬಂದಿದ್ದ. ಅಂಗಿಯ ಗುಂಡಿ ತಪ್ಪಾಗಿ ಹಾಕಿತ್ತು, ಗಡ್ಡ ಬೆಳೆದಿತ್ತು. ಎಂಜಿನ್ ಸದ್ದು ನಿಂತ ದಿಕ್ಕು ಹಿಡಿದು ಕಾರಿನ ಹತ್ತಿರ ಬಂದು ಬಾನೆಟ್ಟಿನ ಮೇಲೆ ಅಂಗೈಯಿಟ್ಟ, ದನದ ಬೆನ್ನು ಸವರುವ ಹಾಗೆ.

"ಕ್ಲಚ್ ಈಗ ಹೇಗಿದೆ?" ಎಂದು ಕೇಳಿದ.

ತನಗೆ ಕನಿಕರ ಬರಬಹುದೆಂದು ಅವಳು ಒಂದು ಕ್ಷಣ ಕಾದಳು. ಬರಲಿಲ್ಲ.

"ಕೈ ತೆಗೀರಿ," ಎಂದಳು.

ಅವನು ತೆಗೆದ. ಇಳಿಜಾರಿನಲ್ಲಿ ಕಾಲು ತಪ್ಪೀತೆಂದು ಪಕ್ಕದ ಮನೆಯವರನ್ನು ಕರೆದು, ಇವರನ್ನು ಕೆಳಗಿನ ರಸ್ತೆವರೆಗೆ ಬಿಟ್ಟು ಬನ್ನಿ ಎಂದಳು. ಯಾವ ರೋಗಿಗೂ ಅಷ್ಟು ಮಾಡುತ್ತಿದ್ದಳು. ಅವನು ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಹೋಗಿ ಒಂದು ಬಕೆಟ್ ನೀರು ತಂದು ಬಾನೆಟ್ಟನ್ನು ತೊಳೆದಳು. ಧೂಳು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ, ಅದು ಅವಳಿಗೂ ಕಾಣುತ್ತಿತ್ತು. ಆದರೂ ಇನ್ನೊಂದು ಬಕೆಟ್ ತಂದಳು.